ದನ ಮೇಯುವ ಹುಲ್ಲುಗಾವಲಿನಲ್ಲಿ ನೆಲದ ಗೂಡುಗಳ ಅಧ್ಯಯನ: ಪಿಜಿ, ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ದನ, ಕುರಿ ಮೇಯುವ ಜಾಗದಲ್ಲಿ ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳಿಗೆ ಏನಾಗುತ್ತದೆ? ಈ ಪ್ರಶ್ನೆ ಹಿಡಿದು ಥೀಸಿಸ್‌ಗೆ ಹೊರಟವರು ಸಾಮಾನ್ಯವಾಗಿ ಮೊದಲ ವಾರವೇ ‘ಮೇಯಿಸಿದ ಜಾಗ’, ‘ಮೇಯಿಸದ ಜಾಗ’ ಅಂತ ಎರಡು ಕಾಲಮ್ ಹಾಕಿಕೊಂಡು ಕೂರುತ್ತಾರೆ. ಅಲ್ಲೇ ನಿಲ್ಲಿಸಿದರೆ ಥೀಸಿಸ್ ಮುಗಿಯಬಹುದು, ಆದರೆ ಹಕ್ಕಿಗೂ ದನಗಾಹಿಗೂ ಉಪಯೋಗವಾಗುವ ಉತ್ತರ ಸಿಗುವುದಿಲ್ಲ. ಎಷ್ಟು ದನ ಅನ್ನುವುದು ಅರ್ಧ ಪ್ರಶ್ನೆ ಮಾತ್ರ. ಯಾವಾಗ ಬಂದವು, ಎಷ್ಟು ದಿನ ಇದ್ದವು, ಆ ಜಾಗದ ಯಾವ ಮೂಲೆಯಲ್ಲಿ ಓಡಾಡಿದವು ಅನ್ನುವುದೇ ಗೂಡಿನ ಹಣೆಬರಹ ಬರೆಯುವುದು. ಇದನ್ನು ತಲೆಯಲ್ಲಿಟ್ಟುಕೊಂಡೇ ಮುಂದಿನದೆಲ್ಲ ಬರೆದಿದ್ದೇನೆ.

ಮೊದಲು ಪ್ರಶ್ನೆಯನ್ನು ಒಡೆಯಿರಿ

ಮೇವು (ಅಂದರೆ ದನ, ಕುರಿ ಮೇಯುವುದು) ಗೂಡನ್ನು ಮುಟ್ಟುವುದು ಒಂದೇ ದಾರಿಯಿಂದಲ್ಲ. ನೇರವಾದ ದಾರಿ ತುಳಿತ: ಗೊರಸು ಬಿತ್ತು, ಮೊಟ್ಟೆ ಒಡೆಯಿತು. ಇನ್ನೊಂದು, ದನ ಹತ್ತಿರ ಬಂದಾಗಲೆಲ್ಲ ಹಕ್ಕಿ ಗೂಡು ಬಿಟ್ಟು ಏಳುತ್ತದೆ. ಆಗ ಮೊಟ್ಟೆ ತಣ್ಣಗಾಗುತ್ತದೆ ಅಥವಾ ಬಿಸಿಲಿಗೆ ಬೇಯುತ್ತದೆ, ಕಾಗೆಗೂ ಗೂಡು ಎಲ್ಲಿದೆ ಅಂತ ಗೊತ್ತಾಗಿಬಿಡುತ್ತದೆ. ಮೂರನೆಯದು ನಿಧಾನದ ದಾರಿ. ಹುಲ್ಲು ಗಿಡ್ಡವಾದಂತೆ ಕೆಲವು ಹಕ್ಕಿಗೆ ಮರೆ ಹೋಗುತ್ತದೆ, ಇನ್ನು ಕೆಲವಕ್ಕೆ ಅದೇ ಬೇಕು. ಟಿಟ್ಟಿಭಕ್ಕೆ ದೂರದಿಂದಲೇ ಶತ್ರುವನ್ನು ನೋಡಬೇಕು, ಅದಕ್ಕೆ ಗಿಡ್ಡ ಹುಲ್ಲೇ ಇಷ್ಟ. ಹುಲ್ಲಿನ ಗುಪ್ಪೆಯೊಳಗೆ ಅಡಗಿ ಕೂರುವ ರೆಡ್‌ಶ್ಯಾಂಕ್‌ನಂಥ ಹಕ್ಕಿಗೆ ಗುಪ್ಪೆ ಹೋದರೆ ಎಲ್ಲವೂ ಹೋದಂತೆ. ನಾಲ್ಕನೆಯದು ಆಹಾರ: ಸಗಣಿಯಲ್ಲಿ ಹುಳುಗಳು ಹೆಚ್ಚುತ್ತವೆ, ಆದರೆ ದನಕ್ಕೆ ಐವರ್ಮೆಕ್ಟಿನ್ ತರಹದ ಹುಳದ ಔಷಧಿ ಕೊಟ್ಟಿದ್ದರೆ ಅದು ಸಗಣಿಯೊಳಗೂ ಹೋಗಿ ಅಲ್ಲಿನ ಹುಳುಗಳನ್ನೂ ಕೊಲ್ಲಬಲ್ಲದು.

ಇನ್ನೂ ಒಂದಿದೆ, ಹೇಳಿದರೆ ಬಹಳ ಜನ ನಂಬುವುದಿಲ್ಲ. ಹುಲ್ಲು ತಿನ್ನುವ ಪ್ರಾಣಿಗಳೇ ಮೊಟ್ಟೆ, ಮರಿ ತಿನ್ನುತ್ತವೆ. ಸ್ಕಾಟ್ಲೆಂಡಿನ ಫೌಲಾ ದ್ವೀಪದಲ್ಲಿ ಕುರಿಗಳು ಆರ್ಕ್‌ಟಿಕ್ ಟರ್ನ್ ಅನ್ನುವ ಕಡಲಹಕ್ಕಿಯ ಮರಿಗಳನ್ನೂ, ರಮ್ ದ್ವೀಪದಲ್ಲಿ ಕೆಂಪು ಜಿಂಕೆಗಳು ಶಿಯರ್‌ವಾಟರ್ ಅನ್ನುವ ಇನ್ನೊಂದು ಕಡಲಹಕ್ಕಿಯ ಮರಿಗಳನ್ನೂ ತಿನ್ನುವುದು 1980ರ ದಶಕದಲ್ಲೇ ದಾಖಲಾಗಿದೆ. ಮಣ್ಣಿನಲ್ಲಿ ಖನಿಜಾಂಶ ಕಡಿಮೆ ಇರುವುದೇ ಕಾರಣ ಇರಬೇಕು ಅನ್ನುವ ವಿವರಣೆ ಇದೆ. ಅಮೆರಿಕದ ಉತ್ತರ ಡಕೋಟಾದ ಹುಲ್ಲುಗಾವಲಿನಲ್ಲಿ ಜಿಂಕೆಗಳು ಗೂಡಿನಿಂದ ಮರಿ ತಿಂದದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ. ಹಾಗಾಗಿ ಗೂಡು ಖಾಲಿ ಕಂಡ ಕೂಡಲೇ ನರಿಯ ಮೇಲೆ ಗೂಬೆ ಕೂರಿಸಬೇಡಿ.

ಇಷ್ಟೂ ದಾರಿಗಳನ್ನು ಒಂದೇ ಥೀಸಿಸ್‌ನಲ್ಲಿ ಹಿಡಿಯಲು ಆಗದು. ಒಂದೋ ಎರಡೋ ಆರಿಸಿಕೊಳ್ಳಿ. ಕೈಯಲ್ಲಿ ಒಂದೇ ಸೀಸನ್ ಇರುವ ಎಂಎಸ್ಸಿ ವಿದ್ಯಾರ್ಥಿಗೆ ನನ್ನ ಸಲಹೆ: ತುಳಿತ ಮತ್ತು ಹುಲ್ಲಿನ ಎತ್ತರ, ಇಷ್ಟೇ ಸಾಕು. ಪಿಎಚ್‌ಡಿ ಆದರೆ ಕನಿಷ್ಠ ಎರಡು ಗೂಡಿನ ಕಾಲ ಇಟ್ಟುಕೊಳ್ಳಿ, ಅದಕ್ಕೂ ಮುಂಚೆ ಒಂದು ಪೈಲಟ್ (ಸಣ್ಣ ಪ್ರಮಾಣದ ಪೂರ್ವ ಪರೀಕ್ಷೆ) ಮಾಡಿಕೊಳ್ಳಿ. ಒಂದು ವರ್ಷ ಮಳೆ ಚೆನ್ನಾಗಿ ಬಂದರೆ ಹುಲ್ಲು ಎಷ್ಟು ಮೇಯ್ದರೂ ಎತ್ತರವೇ ಇರುತ್ತದೆ, ಮರುವರ್ಷ ಮಳೆ ಕೈಕೊಟ್ಟರೆ ನಾಲ್ಕು ದನಕ್ಕೇ ನೆಲ ಬೋಳಾಗುತ್ತದೆ. ಒಂದೇ ವರ್ಷದ ಲೆಕ್ಕ ನಂಬಿದರೆ ಮಳೆಯ ಪರಿಣಾಮವನ್ನೇ ದನದ ಪರಿಣಾಮ ಅಂತ ಬರೆದುಬಿಡುತ್ತೀರಿ.

ಅನುಮತಿಯ ಕೆಲಸ ಆರೇಳು ತಿಂಗಳು ಮೊದಲೇ ಶುರು ಮಾಡಿ. ಜಾಗದ ಮಾಲೀಕರು, ವನ್ಯಜೀವಿ ಇಲಾಖೆ, ನಿಮ್ಮ ವಿಶ್ವವಿದ್ಯಾಲಯದ ಪ್ರಾಣಿ ನೈತಿಕತೆ ಸಮಿತಿ, ಹಕ್ಕಿಯ ಕಾಲಿಗೆ ಗುರುತಿನ ಉಂಗುರ ಹಾಕುವುದಿದ್ದರೆ ಅದಕ್ಕೆ ಬೇರೆ ಪರವಾನಗಿ. ಎಲ್ಲವೂ ಕೈಗೆ ಬರುವ ಮುಂಚೆ ಗೂಡಿನ ಹತ್ತಿರ ಹೋಗುವಂತಿಲ್ಲ.

ತಾಕುಗಳ ವಿನ್ಯಾಸ: ಇಲ್ಲಿ ಎಡವಿದರೆ ಆಮೇಲೆ ಸರಿ ಮಾಡಲಾಗದು

ಒಂದು ಮೇಯಿಸಿದ ಬಯಲಿನಲ್ಲಿ 40 ಗೂಡು, ಒಂದು ಮೇಯಿಸದ ಬಯಲಿನಲ್ಲಿ 40 ಗೂಡು ಸಿಕ್ಕವು ಅಂದುಕೊಳ್ಳಿ. ನಿಮ್ಮ ಸ್ಯಾಂಪಲ್ ಎಷ್ಟು? 80 ಅಲ್ಲ. ಮೇವಿನ ಮಟ್ಟಿಗೆ ಅದು ಒಂದು ಮತ್ತು ಒಂದು. ಏಕೆಂದರೆ ಮೇವು ಬದಲಾಗುವುದು ಬಯಲಿಂದ ಬಯಲಿಗೆ, ಗೂಡಿಂದ ಗೂಡಿಗಲ್ಲ. ಆ ಎರಡು ಬಯಲುಗಳ ನಡುವೆ ಮಣ್ಣು, ತೇವ, ನರಿಯ ಬಿಲ ಎಲ್ಲವೂ ಬೇರೆ ಇರಬಹುದು. ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲೇ ಈ ತಪ್ಪಿಗೆ ‘ಸೂಡೊರೆಪ್ಲಿಕೇಶನ್’ ಅಂತ ಹೆಸರಿಟ್ಟು ಎಚ್ಚರಿಸಿದ್ದಾರೆ. ಗೈಡ್ ಬಿಟ್ಟರೂ ಪರೀಕ್ಷಕರು ಬಿಡುವುದಿಲ್ಲ. ಗೂಡು ಕಡಿಮೆ ಆದರೂ ಪರವಾಗಿಲ್ಲ, ತಾಕುಗಳು ಜಾಸ್ತಿ ಇರಲಿ.

ಒಳ್ಳೆಯ ಮಾದರಿ ಬೇಕಿದ್ದರೆ ಸ್ಕಾಟ್ಲೆಂಡಿನ ಗ್ಲೆನ್ ಫಿಂಗ್ಲಾಸ್ ಪ್ರಯೋಗ ನೋಡಿ. ತಲಾ 3.3 ಹೆಕ್ಟೇರಿನ 24 ತಾಕು, ನಾಲ್ಕು ಬಗೆಯ ಮೇವು, ಪ್ರತಿ ಬಗೆಗೆ ಆರು ತಾಕು: ಕುರಿ ಜಾಸ್ತಿ, ಕುರಿ ಕಡಿಮೆ, ಕುರಿ ಮತ್ತು ದನ ಸೇರಿಸಿ ಕಡಿಮೆ, ಏನೂ ಇಲ್ಲ. ಅಲ್ಲಿ ಮೆಡೋ ಪಿಪಿಟ್ ಹಕ್ಕಿಯ ಜೋಡಿಗಳು ಹೆಚ್ಚಿದ್ದು ಬೇಲಿ ಹಾಕಿ ಖಾಲಿ ಬಿಟ್ಟ ತಾಕಿನಲ್ಲಲ್ಲ, ಕುರಿ ಮತ್ತು ದನ ಸೇರಿ ಹಗುರವಾಗಿ ಮೇಯ್ದ ತಾಕಿನಲ್ಲಿ. ‘ದನ ತೆಗೆದರೆ ಹಕ್ಕಿ ಉಳಿಯುತ್ತದೆ’ ಅಂತ ಮೊದಲೇ ತೀರ್ಮಾನಿಸಿ ಹೊರಟವರು ಇದನ್ನು ಗಮನಿಸಬೇಕು.

ನಿಮ್ಮ ಹತ್ತಿರ 24 ತಾಕಿಗೆ ಬೇಲಿ ಹಾಕುವಷ್ಟು ಹಣ ಇರುವುದಿಲ್ಲ, ಅದು ಗೊತ್ತಿರುವ ವಿಷಯ. ಎರಡು ಉಪಾಯಗಳಿವೆ. ಮೊದಲನೆಯದು, ಈಗಾಗಲೇ ಬೇರೆ ಬೇರೆ ಮಾಲೀಕರು ಬೇರೆ ಬೇರೆ ರೀತಿ ಮೇಯಿಸುತ್ತಿರುವ ಜಾಗಗಳನ್ನೇ ಜೋಡಿ ಜೋಡಿಯಾಗಿ ಆರಿಸುವುದು. ಜೋಡಿಯೊಳಗೆ ಮಣ್ಣು, ಇಳಿಜಾರು, ಮರಗಳಿಂದ ಇರುವ ದೂರ ಹೆಚ್ಚುಕಡಿಮೆ ಒಂದೇ ಇರಲಿ. ಎರಡನೆಯದು ನನಗೆ ಇನ್ನೂ ಇಷ್ಟ: ನೀರಿನ ಜಾಗದಿಂದ ದೂರ ಹೋದಂತೆ ಮೇವು ತಾನಾಗಿಯೇ ಕಡಿಮೆಯಾಗುತ್ತದೆ ಅಲ್ವಾ? ನೀರಿನ ತೊಟ್ಟಿಯ ಸುತ್ತ ನೆಲ ಬೋಳು, ಒಂದೆರಡು ಕಿಲೋಮೀಟರ್ ಆಚೆ ಹುಲ್ಲು ಸೊಂಪು. ಆ ಇಳಿತವನ್ನೇ ಅಳತೆಗೋಲು ಮಾಡಿಕೊಂಡು ದೂರದ ಉದ್ದಕ್ಕೂ ತಾಕು ಗುರುತಿಸಿ. ಆದರೆ ಒಂದೇ ತೊಟ್ಟಿಯಿಂದ ಆಗುವುದಿಲ್ಲ, ಹಲವು ತೊಟ್ಟಿಗಳು ಬೇಕು. ನೀರಿಗೆ ನರಿ, ಕಾಗೆ ಕೂಡ ಬರುತ್ತವೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ದನಗಳನ್ನು ಅಳೆಯಿರಿ

ಹಕ್ಕಿಯವರು ಹಕ್ಕಿಯನ್ನು ಚೆನ್ನಾಗಿ ಅಳೆಯುತ್ತಾರೆ, ದನವನ್ನು ಮಾತ್ರ ‘ಜಾಸ್ತಿ, ಮಧ್ಯಮ, ಕಡಿಮೆ’ ಅಂತ ಬರೆದು ಬಿಟ್ಟುಬಿಡುತ್ತಾರೆ. ಇಡೀ ಅಧ್ಯಯನದ ಬಲಹೀನ ಕೊಂಡಿ ಅದೇ.

ಎಲ್ಲ ಪ್ರಾಣಿಗಳನ್ನೂ ಒಂದು ಘಟಕಕ್ಕೆ ತನ್ನಿ. ಸುಮಾರು 450 ಕಿಲೋ ತೂಕದ ಒಂದು ಹಸುವನ್ನು ಒಂದು ಘಟಕ ಅಂತ ಹಿಡಿಯುವುದು ರೂಢಿ, ಐದು ಕುರಿ ಸೇರಿ ಹೆಚ್ಚುಕಡಿಮೆ ಒಂದು ಘಟಕ. ಇದು ಮೇವಿನ ಲೆಕ್ಕಕ್ಕೆ ಸರಿ. ತುಳಿತದ ಲೆಕ್ಕಕ್ಕೆ ತಲೆಗಳ ಸಂಖ್ಯೆಯನ್ನೂ ಪ್ರತ್ಯೇಕ ಬರೆದಿಡಿ, ಏಕೆಂದರೆ ಐದು ಕುರಿಗೆ ಇಪ್ಪತ್ತು ಕಾಲು. ವಯಸ್ಸನ್ನೂ ಬರೆಯಿರಿ. ಬೈಂಟೆಮಾ ಮತ್ತು ಮ್ಯೂಸ್ಕೆನ್ಸ್ 1987ರಲ್ಲಿ ನೆದರ್ಲೆಂಡ್ಸ್‌ನ ಹುಲ್ಲುಗಾವಲುಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಹಾಲು ಕೊಡುವ ಹಸುಗಳಿಗಿಂತ ಎಳೆಯ ಪಡ್ಡೆಗಳು ಹೆಚ್ಚು ಗೂಡು ತುಳಿದಿದ್ದವು. ಎಳೆಯವು ಸುಮ್ನೆ ಓಡಾಡುತ್ತವೆ, ಕುಣಿಯುತ್ತವೆ, ಹೊಸದೇನು ಕಂಡರೂ ಮೂಸಿ ನೋಡುತ್ತವೆ.

ಸಾಂದ್ರತೆ ಬೇರೆ, ಒಟ್ಟು ಹೊರೆ ಬೇರೆ. ಅದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಹೆಕ್ಟೇರಿಗೆ ಒಂದು ದನ ಇದ್ದಾಗ ಒಂದು ಗೂಡು ಒಂದು ದಿನ ತುಳಿತದಿಂದ ಪಾರಾಗುವ ಸಾಧ್ಯತೆ 0.99 ಅಂದುಕೊಳ್ಳೋಣ (ಇದು ಉದಾಹರಣೆಗೆ ಹಿಡಿದ ಸಂಖ್ಯೆ). 28 ದಿನ ಕಾವು ಕೂರುವ ಹಕ್ಕಿಗೆ ಅದು 0.99ರ 28ನೇ ಘಾತ, ಅಂದರೆ ಸುಮಾರು 75%. ಹೆಕ್ಟೇರಿಗೆ ನಾಲ್ಕು ದನ ಇದ್ದರೆ 112ನೇ (4 × 28) ಘಾತ, ಸುಮಾರು 32%. ಈಗ 28 ದಿನ ನಾಲ್ಕು ದನದ ಬದಲು 56 ದನಗಳನ್ನು ಎರಡೇ ದಿನ ಬಿಟ್ಟು ಆಮೇಲೆ ತೆಗೆದರೆ? ಆ ಎರಡು ದಿನ ಅಲ್ಲಿದ್ದ ಗೂಡಿಗೆ ಲೆಕ್ಕ ಅದೇ 112, ಅದೇ 32%. ಆದರೆ ದನ ಹೋದ ಮೇಲೆ ಶುರುವಾದ ಗೂಡಿಗೆ ತುಳಿತವೇ ಇಲ್ಲ, ಜಾಗಕ್ಕೆ ಸಿಗುವ ವಿಶ್ರಾಂತಿ ಮೊಟ್ಟೆ ಇಟ್ಟು ಮರಿ ಏಳುವಷ್ಟು ಉದ್ದ ಇದ್ದರೆ. ಹೊರೆ ಒಂದೇ, ಫಲ ಬೇರೆ. ದಿನಾಂಕಗಳನ್ನು ಬರೆಯದ ಅಧ್ಯಯನಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ದಿನಾಂಕ, ಸಂಖ್ಯೆ, ಬಂದ ಹೊತ್ತು, ಹೋದ ಹೊತ್ತು, ರಾತ್ರಿ ಅಲ್ಲೇ ಇದ್ದವಾ, ನಾಯಿ ಜೊತೆಗಿತ್ತಾ, ಇಷ್ಟನ್ನು ಪ್ರತಿ ತಾಕಿಗೂ ದಿನಚರಿಯ ಹಾಗೆ ಬರೆಯಿರಿ. ನೀವಿಲ್ಲದ ದಿನಗಳ ಲೆಕ್ಕ ದನಗಾಹಿಗಳಿಂದ ಪಡೆಯಬಹುದು. ಅವರಿಗೆ ಸುಲಭವಾಗುವ ಒಂದು ಹಾಳೆ ಮಾಡಿಕೊಡಿ. ಕೆಲವು ದನಗಳಿಗೆ ಜಿಪಿಎಸ್ ಪಟ್ಟಿ ಹಾಕಲು ಒಪ್ಪಿಗೆ ಸಿಕ್ಕರೆ ತಾಕಿನೊಳಗೆ ಎಲ್ಲಿ ನಿಲ್ಲುತ್ತವೆ ಅನ್ನುವುದೂ ಗೊತ್ತಾಗುತ್ತದೆ. ನೆರಳು, ನೀರು, ಉಪ್ಪಿನ ಗಡ್ಡೆ ಇರುವಲ್ಲಿ ಗುಂಪುಗಟ್ಟುತ್ತವೆ. ಪಟ್ಟಿ ಸಿಗದಿದ್ದರೆ ಗೆರೆ ಹಿಡಿದು ನಡೆದು ಸಗಣಿ, ಹಿಕ್ಕೆ ಎಣಿಸಿ. ಹಳೆಯ ವಿಧಾನ, ಆದರೆ ನಂಬಬಹುದು.

ಗೂಡು ಹುಡುಕುವುದು

ಹಕ್ಕಿಯ ಸ್ವಭಾವ ನೋಡಿ ವಿಧಾನ ಆರಿಸಿ. ಕೊನೆಯ ಕ್ಷಣದವರೆಗೂ ಅಲುಗದೆ ಕೂರುವ ಬಾನಾಡಿ, ಪಿಪಿಟ್, ಲಾವುಗೆಗಳಿಗೆ ಹಗ್ಗ ಎಳೆಯುವುದು ಒಳ್ಳೆಯದು: 25–30 ಮೀಟರಿನ ಹಗುರ ಹಗ್ಗವನ್ನು ಇಬ್ಬರು ಎರಡು ತುದಿ ಹಿಡಿದು ಹುಲ್ಲಿನ ಮೇಲೆ ಎಳೆದುಕೊಂಡು ನಡೆಯಿರಿ, ಮೂರನೆಯವರು ಹಿಂದೆ ಬರುತ್ತಾ ಹಕ್ಕಿ ಎದ್ದ ಜಾಗವನ್ನು ಕಣ್ಣಲ್ಲೇ ಹಿಡಿಯಲಿ. ಇಬ್ಬನಿ ಆರಿದ ಮೇಲೆ ಮಾತ್ರ, ಮಳೆಯಲ್ಲಂತೂ ಬೇಡವೇ ಬೇಡ. ಟಿಟ್ಟಿಭದಂಥ ಹಕ್ಕಿಗೆ ಈ ಉಪಾಯ ನಡೆಯುವುದಿಲ್ಲ. ನೀವು ನೂರಿನ್ನೂರು ಮೀಟರ್ ದೂರ ಇರುವಾಗಲೇ ಎದ್ದು ನಡೆದು ಹೋಗಿರುತ್ತದೆ. ಅದಕ್ಕೆ ವಾಹನದಲ್ಲೋ ಮರೆಯಲ್ಲೋ ಕೂತು ಟೆಲಿಸ್ಕೋಪಿನಲ್ಲಿ ತಾಳ್ಮೆಯಿಂದ ಕಾಯಬೇಕು. ಅದು ತಾನಾಗಿ ವಾಪಸ್ ಬಂದು ಕೂರುವ ಜಾಗವೇ ಗೂಡು.

ದನಗಾಹಿಗಳು ತೋರಿಸುವ ಗೂಡುಗಳನ್ನು ಸಂತೋಷದಿಂದ ಬರೆದುಕೊಳ್ಳಿ, ಆದರೆ ‘ಅವರು ತೋರಿಸಿದ್ದು’ ಅಂತ ಗುರುತು ಹಾಕಿ. ಅವರ ಕಣ್ಣಿಗೆ ಬೀಳುವುದು ಹಿಂಡು ಓಡಾಡುವ ದಾರಿಯ ಗೂಡುಗಳೇ. ಹಾಗೆಯೇ ಗಿಡ್ಡ ಹುಲ್ಲಿನಲ್ಲಿ ಗೂಡು ಬೇಗ ಸಿಗುತ್ತದೆ, ಎತ್ತರದ ಹುಲ್ಲಿನಲ್ಲಿ ಸಿಗುವುದಿಲ್ಲ. ಪ್ರತಿ ತಾಕಿಗೂ ಹೆಕ್ಟೇರಿಗೆ ಇಷ್ಟು ಗಂಟೆ ಅಂತ ಸಮನಾಗಿ ಹುಡುಕಿ, ಆ ಗಂಟೆಗಳನ್ನೂ ದಾಖಲಿಸಿ.

ಗೂಡು ಸಿಕ್ಕ ಕೂಡಲೇ ಮೊಟ್ಟೆಯ ವಯಸ್ಸು ತಿಳಿಯಬೇಕು. ನೀರಿನ ಪರೀಕ್ಷೆ ಸಾಕು: ಒಂದು ಪಾರದರ್ಶಕ ಲೋಟದ ನೀರಿಗೆ ಮೊಟ್ಟೆಯನ್ನು ಮೆಲ್ಲಗೆ ಬಿಡಿ. ಹೊಸದು ತಳದಲ್ಲಿ ಅಡ್ಡ ಮಲಗುತ್ತದೆ, ದಿನ ಕಳೆದಂತೆ ಓರೆಯಾಗುತ್ತದೆ, ನೆಟ್ಟಗೆ ನಿಲ್ಲುತ್ತದೆ, ಕೊನೆಗೆ ತೇಲುತ್ತದೆ. ಒಳಗಿನ ಗಾಳಿಯ ಜಾಗ ದೊಡ್ಡದಾಗುವುದೇ ಕಾರಣ. ಒರೆಸಿ, ಇದ್ದ ಹಾಗೆಯೇ ವಾಪಸ್ ಇಡಿ.

ಗುರುತು ಹಾಕುವಾಗ ಎತ್ತರದ ಕೋಲು ನೆಡಬೇಡಿ. ದನಗಳು ಕೋಲು ಕಂಡರೆ ಮೈ ಉಜ್ಜಲು ಬರುತ್ತವೆ, ಕಾಗೆ ಮತ್ತು ಗಿಡುಗಕ್ಕೆ ಕೂರಲು ಜಾಗವೂ ಆಗುತ್ತದೆ. ಅಂದರೆ ನೀವು ಅಳೆಯಲು ಹೊರಟ ಅಪಾಯವನ್ನು ನೀವೇ ತಂದು ಗೂಡಿನ ಪಕ್ಕ ನಿಲ್ಲಿಸಿದಂತೆ. ಜಿಪಿಎಸ್ ಅಂಕೆ ಮತ್ತು ಐದು–ಹತ್ತು ಮೀಟರ್ ದೂರದಲ್ಲಿ ನೆಲಮಟ್ಟದ ಒಂದು ಸಣ್ಣ ಗುರುತು ಸಾಕು.

ಗೂಡಿಗೆ ಹೋಗಿ ಬರುವ ಶಿಸ್ತು

ಮೂರು–ನಾಲ್ಕು ದಿನಕ್ಕೊಮ್ಮೆ ಹೋಗಿ. ಗೂಡಿನವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬಂದರೆ ಹುಲ್ಲಿನಲ್ಲಿ ಗೂಡಿಗೇ ಮುಗಿಯುವ ದಾರಿಯೊಂದು ಬೀಳುತ್ತದೆ, ನರಿಗೆ ಅಷ್ಟೇ ಬೇಕಿರುವುದು. ಪಕ್ಕದಿಂದ ಹಾದು ಮುಂದಕ್ಕೆ ನಡೆದುಬಿಡಿ. ಸುತ್ತ ಕಾಗೆ ಇದ್ದರೆ ಅವತ್ತು ಬೇಡ. ನಡುಮಧ್ಯಾಹ್ನದ ಬಿಸಿಲು, ಮಳೆ, ಕೊರೆಯುವ ಚಳಿಯಲ್ಲಿ ಹಕ್ಕಿಯನ್ನು ಎಬ್ಬಿಸಬೇಡಿ. ಹಕ್ಕಿ ಕೂತಿದ್ದು ದೂರದಿಂದಲೇ ಕಂಡರೆ ‘ಜೀವಂತ’ ಅಂತ ಬರೆದು ಬನ್ನಿ, ಹತ್ತಿರ ಹೋಗುವ ಅಗತ್ಯವೇ ಇಲ್ಲ.

ಗೂಡಿಗೆ ಏನಾಯಿತು ಅಂತ ತೀರ್ಮಾನಿಸುವುದು ಈ ಕೆಲಸದ ಕಷ್ಟದ ಭಾಗ. ಮೊಟ್ಟೆ ಒಡೆದು ಮರಿ ಹೊರಬಂದಿದ್ದರೆ ಗೂಡಿನ ಗುಳಿಯ ತಳದಲ್ಲಿ ಚಿಪ್ಪಿನ ಸಾಸಿವೆಯಷ್ಟು ಚೂರುಗಳು ಸಿಗುತ್ತವೆ, ಒಳಪೊರೆ ಚಿಪ್ಪಿನಿಂದ ಬಿಟ್ಟಿರುತ್ತದೆ. ತುಳಿತವಾದರೆ ಮೊಟ್ಟೆ ಅಲ್ಲೇ ಅಪ್ಪಚ್ಚಿ, ಲೋಳೆ ಮಣ್ಣಿಗೆ ಅಂಟಿರುತ್ತದೆ, ಗೊರಸಿನ ಗುರುತು ಇರುತ್ತದೆ. ಬಿಟ್ಟುಹೋದ ಗೂಡಿನಲ್ಲಿ ಮೊಟ್ಟೆ ಪೂರ್ತಿ ಇರುತ್ತದೆ, ತಣ್ಣಗಿರುತ್ತದೆ. ಖಾಲಿ ಗೂಡು ಮಾತ್ರ ಏನನ್ನೂ ಹೇಳುವುದಿಲ್ಲ. ಹಿಡಿದು ತಿಂದದ್ದೋ, ತುಳಿದ ಮೇಲೆ ಕಾಗೆ ಬಂದು ಸಾಫ್ ಮಾಡಿದ್ದೋ? ಎರಡನೆಯದಾದರೆ ತುಳಿತದ ಲೆಕ್ಕ ಕಮ್ಮಿ ಬರುತ್ತದೆ. ಹಾಗಾಗಿ ಕೆಲವು ಗೂಡುಗಳಿಗಾದರೂ ಕ್ಯಾಮೆರಾ ಇಡಿ, ನೆಲಕ್ಕೆ ಹತ್ತಿರ, ಬಣ್ಣ ಮರೆಸಿ. ಕ್ಯಾಮೆರಾ ಇಟ್ಟ ಗೂಡು, ಇಡದ ಗೂಡು ಎರಡರ ಉಳಿವನ್ನೂ ಹೋಲಿಸಿ ನೋಡಿ. ಗುಳಿಯಲ್ಲಿ ತಾಪಮಾನವನ್ನು ತಾನೇ ದಾಖಲಿಸುವ ಬಟನ್ ಗಾತ್ರದ ಲಾಗರ್ ಇಟ್ಟರೆ ಹಕ್ಕಿ ಎದ್ದ ನಿಮಿಷ, ಗೂಡು ಸತ್ತ ನಿಮಿಷ ಎರಡೂ ಗೊತ್ತಾಗುತ್ತದೆ. ಅದನ್ನು ದನದ ಜಿಪಿಎಸ್ ಜೊತೆ ಇಟ್ಟು ನೋಡಿದರೆ ಯಾವ ಹೊತ್ತಿಗೆ ಯಾವ ಹಿಂಡು ಹತ್ತಿರ ಇತ್ತು ಅನ್ನುವುದು ಊಹೆಯಾಗಿ ಉಳಿಯುವುದಿಲ್ಲ.

ಕೃತಕ ಗೂಡಿನ ಬಗ್ಗೆ ಒಂದು ಮಾತು. ಶೂಟಿಂಗ್ ಅಭ್ಯಾಸದ ಮಣ್ಣಿನ ಬಿಲ್ಲೆಗಳನ್ನು ನೆಲದ ಮೇಲಿಟ್ಟು ಎಷ್ಟು ಒಡೆದವು ಅಂತ ಎಣಿಸುವ ವಿಧಾನ ತುಳಿತಕ್ಕೆ ಚೆನ್ನಾಗಿಯೇ ಒಪ್ಪುತ್ತದೆ, ಗೂಡು ಕಡಿಮೆ ಸಿಗುವ ಕಡೆ ಇದೇ ಆಧಾರ. ಆದರೆ ಬಿಲ್ಲೆ ರೆಕ್ಕೆ ಬಿಚ್ಚಿ ದನವನ್ನು ಅಡ್ಡಗಟ್ಟುವುದಿಲ್ಲ, ಟಿಟ್ಟಿಭ ಅಡ್ಡಗಟ್ಟುತ್ತದೆ. ಹಾಗಾಗಿ ಬಿಲ್ಲೆಯ ಸಂಖ್ಯೆಯನ್ನು ನಿಜವಾದ ಗೂಡಿನ ಸಂಖ್ಯೆ ಅಂತ ಬರೆಯಬೇಡಿ. ತಾಕುಗಳ ನಡುವಿನ ಹೋಲಿಕೆಗೆ ಮಾತ್ರ ಬಳಸಿ.

ಹುಲ್ಲು ಅಳೆಯುವ ದಿನ

ರೋಬೆಲ್ ಕೋಲು (1970) ಸಾಕು: ಗುರುತು ಹಾಕಿದ ಕೋಲನ್ನು ಗೂಡಿನ ಜಾಗದಲ್ಲಿ ನಿಲ್ಲಿಸಿ, ನಾಲ್ಕು ಮೀಟರ್ ದೂರದಿಂದ, ಒಂದು ಮೀಟರ್ ಎತ್ತರದಿಂದ, ನಾಲ್ಕು ದಿಕ್ಕಿನಿಂದ ನೋಡಿ ಎಷ್ಟು ಮುಚ್ಚಿದೆ ಅಂತ ಬರೆಯುವುದು. ಗೂಡಿಗೆ ಒಂದು, ಅದೇ ತಾಕಿನಲ್ಲಿ ಚೀಟಿ ಎತ್ತಿದಂತೆ ಆರಿಸಿದ ಜಾಗಕ್ಕೆ ಒಂದು. ಸರಾಸರಿ ಎತ್ತರದಷ್ಟೇ ಅದರ ಏರುಪೇರೂ ಮುಖ್ಯ. ಗುಪ್ಪೆ, ಬಯಲು, ಗುಪ್ಪೆ, ಬಯಲು ಇರುವ ತಾಕಿಗೂ ಒಂದೇ ಸಮ ಇರುವ ತಾಕಿಗೂ ಸರಾಸರಿ ಒಂದೇ ಬರಬಹುದು, ಹಕ್ಕಿಗೆ ಮಾತ್ರ ಎರಡೂ ಬೇರೆ ಲೋಕ.

ಇಲ್ಲಿ ಬಹಳ ಜನರ ಗಮನ ತಪ್ಪುವ ವಿಷಯ ಒಂದಿದೆ. ಗೂಡು ಮುಗಿದ ದಿನವೇ ಹುಲ್ಲು ಅಳೆದರೆ, ಬೇಗ ಹಾಳಾದ ಗೂಡಿನ ಹುಲ್ಲನ್ನು ಬೇಗ ಅಳೆಯುತ್ತೀರಿ, ಉಳಿದ ಗೂಡಿನದನ್ನು ತಡವಾಗಿ. ಅಷ್ಟರಲ್ಲಿ ಹುಲ್ಲು ಬೆಳೆದಿರುತ್ತದೆ. ಕೊನೆಗೆ ‘ಎತ್ತರದ ಹುಲ್ಲಿನ ಗೂಡು ಉಳಿಯುತ್ತದೆ’ ಅನ್ನುವ ಫಲಿತಾಂಶ ಬರುತ್ತದೆ, ಅದು ಹಕ್ಕಿಯದ್ದಲ್ಲ, ಕ್ಯಾಲೆಂಡರಿನದ್ದು. ಹಾಳಾದ ಗೂಡಿಗೂ ಅದು ಉಳಿದಿದ್ದರೆ ಮೊಟ್ಟೆಯಿಂದ ಮರಿ ಬರಬೇಕಿದ್ದ ದಿನವೇ ಹೋಗಿ ಅಳೆಯಿರಿ.

ಲೆಕ್ಕ

‘24 ಗೂಡಿನಲ್ಲಿ 14 ಉಳಿದವು, 58% ಯಶಸ್ಸು’ ಅಂತ ಬರೆಯಬೇಡಿ. ನೀವು ನೋಡುವ ಮುಂಚೆಯೇ ಹಾಳಾದ ಗೂಡುಗಳು ಆ ಲೆಕ್ಕದಲ್ಲಿಲ್ಲ. ಹೆರಾಲ್ಡ್ ಮೇಫೀಲ್ಡ್ 1961ರಲ್ಲಿ ಕೊಟ್ಟ ಉಪಾಯ ಸರಳ: ಗೂಡನ್ನಲ್ಲ, ಗೂಡಿನ ದಿನಗಳನ್ನು ಎಣಿಸಿ. ಆ 24 ಗೂಡುಗಳನ್ನು ಒಟ್ಟು 250 ಗೂಡು-ದಿನ ಗಮನಿಸಿದ್ದು, 10 ಹಾಳಾಗಿದ್ದರೆ, ದಿನಕ್ಕೆ ಹಾಳಾಗುವ ಸಾಧ್ಯತೆ 10/250, ಅಂದರೆ 0.04. ಉಳಿಯುವುದು 0.96. 28 ದಿನಕ್ಕೆ 0.96ರ 28ನೇ ಘಾತ, ಸುಮಾರು 32%. 58 ಎಲ್ಲಿ, 32 ಎಲ್ಲಿ! ಎರಡು ಭೇಟಿಗಳ ನಡುವೆ ಹಾಳಾಗಿದ್ದರೆ ನಡುವಿನ ದಿನ ಹಿಡಿಯುವುದು ರೂಢಿ. ಒಂದೊಂದು ಬಗೆಗೆ ಕನಿಷ್ಠ 20 ಗೂಡಾದರೂ ಇರಲಿ ಅನ್ನುವುದು ಹೆನ್ಸ್ಲರ್ ಮತ್ತು ನಿಕೋಲ್ಸ್ 1981ರಲ್ಲಿ ಕೊಟ್ಟ ಸಲಹೆ.

ಇವತ್ತು ಸಾಮಾನ್ಯವಾಗಿ ಬಳಸುವುದು ಡಿನ್ಸ್‌ಮೋರ್ ಮತ್ತು ಜೊತೆಗಾರರು 2002ರಲ್ಲಿ ಮೌಂಟನ್ ಪ್ಲವರ್ ಹಕ್ಕಿಯ ಮೇಲೆ ತೋರಿಸಿದ, ಗೂಡು ದಿನಕ್ಕೆ ಉಳಿಯುವ ಸಾಧ್ಯತೆಯನ್ನು ಅಂದಾಜು ಮಾಡುವ ಮಾದರಿ. ಮಾರ್ಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸಿಗುತ್ತದೆ, ಆರ್ (R) ಅನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಮೂಲಕವೂ ನಡೆಸಬಹುದು. ಅದಕ್ಕೆ ಪ್ರತಿ ಗೂಡಿಗೆ ಬೇಕಾದ್ದು ನಾಲ್ಕೇ: ಸಿಕ್ಕ ದಿನ, ಕೊನೆಯ ಬಾರಿ ಜೀವಂತ ಕಂಡ ದಿನ, ಕೊನೆಯ ಬಾರಿ ಹೋದ ದಿನ, ಉಳಿಯಿತಾ ಇಲ್ಲವಾ. ಜೊತೆಗೆ ಆಯಾ ದಿನ ಆ ತಾಕಿನಲ್ಲಿ ಎಷ್ಟು ದನ ಇತ್ತು ಅನ್ನುವುದನ್ನೂ ಸೇರಿಸಬಹುದು. ದಿನಚರಿ ಬರೆಯಿರಿ ಅಂತ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಒಂದೇ ತಾಕಿನ ಗೂಡುಗಳನ್ನು ಪರಸ್ಪರ ಸಂಬಂಧವಿಲ್ಲದವು ಅಂತ ಹಿಡಿಯಬೇಡಿ, ತಾಕನ್ನೂ ಮಾದರಿಯೊಳಗೆ ತನ್ನಿ. ಆಮೇಲೆ ತುಳಿತದ ನಷ್ಟ ಮತ್ತು ನರಿ, ಕಾಗೆಯಂಥವು ತಿಂದ ನಷ್ಟವನ್ನು ಬೇರೆ ಬೇರೆಯಾಗಿ ತೋರಿಸಿ. ಸೇರಿಸಿ ಬರೆದರೆ ಮೇವು ಬದಲಿಸಿ ಸರಿಮಾಡಬಹುದಾದ ನಷ್ಟ ಯಾವುದು ಅಂತ ಓದುವವರಿಗೆ ತಿಳಿಯುವುದಿಲ್ಲ.

ಮೊಟ್ಟೆಯಿಂದ ಮರಿ ಬಂದ ಮಾತ್ರಕ್ಕೆ ಕಥೆ ಮುಗಿಯಲಿಲ್ಲ. ಟಿಟ್ಟಿಭದ ಮರಿ ಹುಟ್ಟಿದ ದಿನವೇ ಗೂಡು ಬಿಟ್ಟು ನಡೆಯುತ್ತದೆ, ಆಮೇಲೆ ಅದಕ್ಕೆ ಬೇಕಿರುವುದು ಹುಳು ಸಿಗುವ ಜಾಗ ಮತ್ತು ಅವಿತುಕೊಳ್ಳಲು ಮರೆ. ರೇಡಿಯೊ ಟ್ಯಾಗ್ ಹಾಕಲು ಆಗದಿದ್ದರೆ, ಮರಿ ಹಾರುವ ವಯಸ್ಸಿಗೆ ಹತ್ತಿರ ಬಂದಾಗ ತಾಕಿಗೆ ಹೋಗಿ ಎಷ್ಟು ಜೋಡಿ ಇನ್ನೂ ಕೂಗಿ ಎಚ್ಚರಿಸುತ್ತಿವೆ ಅಂತ ಎಣಿಸಿ. ಕೂಗುತ್ತಿದ್ದರೆ ಮರಿ ಇದೆ ಅಂತ ಅರ್ಥ.

ಫಲಿತಾಂಶವನ್ನು ಥೀಸಿಸ್ ಸಲ್ಲಿಸುವ ತನಕ ಮುಚ್ಚಿಡಬೇಡಿ. ಮುಂದಿನ ಮೇವಿನ ಯೋಜನೆ ನಿರ್ಧಾರವಾಗುವ ಮುಂಚೆ ದನ ಸಾಕುವವರ ಜೊತೆ ಕೂತು ಮಾತಾಡಿ. ಶೇಕಡಾವಾರು ಬೇಡ, ದಿನಾಂಕ ತೋರಿಸಿ: ಇಂಥ ವಾರದಿಂದ ಇಂಥ ವಾರದವರೆಗೆ ಈ ತಾಕಿನಲ್ಲಿ ಗೂಡು ತುಂಬಿರುತ್ತದೆ, ಪಡ್ಡೆಗಳನ್ನು ಆಗ ಪಕ್ಕದ ತಾಕಿಗೆ ಬಿಡಲು ಆಗುತ್ತದಾ, ಉಪ್ಪಿನ ಗಡ್ಡೆಯನ್ನು ಆ ಮೂಲೆಯಿಂದ ಈ ಮೂಲೆಗೆ ಇಡಬಹುದಾ? ಆಗುವುದಿಲ್ಲ ಅಂದರೆ ಏಕೆ ಅಂತ ಬರೆದುಕೊಳ್ಳಿ, ಅದೂ ನಿಮ್ಮ ಅಧ್ಯಾಯಕ್ಕೆ ಬೇಕು. ಡೇಟಾ ಸಾರ್ವಜನಿಕವಾಗಿ ಹಾಕುವಾಗ ಮಾತ್ರ ಗೂಡಿನ ನಿಖರ ಜಿಪಿಎಸ್ ಅಂಕೆಗಳನ್ನು ಒರಟು ಮಾಡಿ ಹಾಕಿ, ಅಪರೂಪದ ಹಕ್ಕಿಯಾದರೆ ಪೂರ್ತಿ ತೆಗೆದುಬಿಡಿ. ಎಷ್ಟೋ ಹಕ್ಕಿಗಳು ಪ್ರತಿ ವರ್ಷ ಅದೇ ಬಯಲಿಗೆ ಮರಳಿ ಬರುತ್ತವೆ, ಮೊಟ್ಟೆ ಕದಿಯುವವರಿಗೂ ಇದು ಗೊತ್ತು.